ಅಯ್ಯನಕೆರೆಯ ಪೂರ್ವೋತ್ತರ

ಕಡೂರು ಸೀಮೆಯ ಸಖರಾಯಪಟ್ಟಣಕ್ಕೆ ಸಮೀಪದಲ್ಲಿ, ಗಿರಿಗಳ ನಡುವೆ ಅಯ್ಯನಕೆರೆಯೆಂಬ ಜಲಾಶಯವು ಶೋಭಿಸುತ್ತಿರುವುದು. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವಪಾರ್ಶ್ವದಲ್ಲಿ ಹುಟ್ಟುವ ವೇದಾ ಎಂಬ ಹೊಳೆಯೇ ಇದಕ್ಕೆ ಜಲಮೂಲವು. ಈ ಶ್ರೇಣಿಯಲ್ಲಿಯೇ ಮುಳ್ಳಪ್ಪಸ್ವಾಮಿಗಳ ಗದ್ದುಗೆಯಿರುವ 6,330 ಅಡಿ ಎತ್ತರದ ಮುಳ್ಳಯ್ಯನಗಿರಿಯಿದೆ. ಕೆರೆಯ ಬಳಿ ಸುಮಾರು 4,650 ಅಡಿ ಎತ್ತರದ ಶಕುನಗಿರಿಯು ಕಾವಲುಗಾರನಂತೆ ನಿಂತಿದೆ.

ಸಖರಾಯಪಟ್ಟಣವು ಪ್ರಾಚೀನವಾದ ಊರು. ರಂಗನಾಥನ ದೇವಾಲಯವು ಇಲ್ಲಿ ಪ್ರಸಿದ್ಧವಾದುದು. ಈ ಊರು ಕೆಳದಿಯ ಅರಸರ ಅಧೀನದಲ್ಲಿದ್ದು, 1690 ರಲ್ಲಿ ಮೈಸೂರಿನ ವಶವಾಯಿತು.

ಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದು ಪ್ರತೀತಿಯುಂಟು. ಇದಕ್ಕೆ ಸಂಬಂಧಿಸಿದ ಐತಿಹ್ಯವು ಕೇಳಿದವರ ಮನವನ್ನು ಕರಗಿಸತಕ್ಕುದು. ಹೊನ್ನಬಿಲ್ಲನೆಂಬವನು ಇಲ್ಲಿನ ನೀರುಗಂಟಿ. ಒಂದು ಮಳೆಗಾಲದಲ್ಲಿ ಪ್ರವಾಹವೇರಿದಾಗ ಕೆರೆಯ ದೇವತೆಯು ಪ್ರತ್ಯಕ್ಷಳಾಗಿ, ತಾನು ಏರಿಯನ್ನೊಡೆದು ಹೊರಡುವುದಾಗಿ ಹೇಳಿದಳಂತೆ. ಅರಸನಿಗೆ ತಿಳಿಸಿ ಮರಳುವವರೆಗೆ ತಾಳಬೇಕೆಂದು ಅವನು ಬೇಡಿಕೊಳ್ಳಲು, ಆಕೆ ಒಪ್ಪಿದಳು. ಅವನು ಓಡಿಹೋಗಿ ಬಿನ್ನವಿಸಿದನು. ಇವನು ಮರಳದಿದ್ದರೆ ಕೆರೆ ಎಂದೆಂದಿಗೂ ಒಡೆಯದೆಂದೆಣಿಸಿದ ಅರಸನು ಆ ನಿರಪರಾಧಿಯನ್ನು ಕೊಲ್ಲಿಸಿದನು. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವಿಯು ಇಂದಿಗೂ ಕಾದಿರುವಳೆಂದು ಜನರು ಹೇಳುವರು.

ಆದರೆ ವಾಚಕರು ಒಂದು ವಿಷಯವನ್ನು ವಿಚಾರಿಸಬೇಕು. ಈ ಕೆರೆಯು ಹೊಯ್ಸಳರ ಕಾಲದಲ್ಲಿ, ಕ್ರಿ. ಶ. 1156 ರಲ್ಲಿ ಜೀರ್ಣೋದ್ಧಾರಗೊಂಡಿತು. ಆಗ ರಾಜ್ಯವಾಳುತ್ತಿದ್ದವನು ಒಂದನೆಯ ನರಸಿಂಹನು. ಸಮೀಪದ ಬಲ್ಲಾಳೇಶ್ವರ ದೇವಾಲಯವು ಆ ವಂಶದ ನೆನಪನ್ನು ಉಳಿಸಿಕೊಂಡಿದೆ. ಬಲಿಯೊಂದರಿಂದಲೇ ಏರಿ ಶಾಶ್ವತವಾಗುವಂತಿದ್ದರೆ ಜೀರ್ಣೋದ್ಧಾರದ ಅಗತ್ಯವೇನಿತ್ತು? ಮಣ್ಣಿನ ಏರಿಯು ಮಳೆಗೆ ಸವೆಯುವುದು, ಬೇರು ಬಿಲಗಳಿಂದ ಸಡಿಲುವುದು. ತೂಬು ಹೂಳಿನಿಂದ ಮುಚ್ಚುವುದು. ಅದನ್ನು ವರ್ಷವರ್ಷವೂ ಕಂಡು ಸರಿಪಡಿಸಿದ ಕೈಗಳೇ ಕೆರೆಯನ್ನು ಉಳಿಸಿದವು. ಅರಸನು ಕೊಂದದ್ದು ಅಂತಹ ಕೈಯೊಂದನ್ನೇ ಅಲ್ಲವೆ!

ಇಂದಿಗೂ ಕೆಳಗಿನ ಗ್ರಾಮಗಳ 3,500 ಎಕರೆಗೂ ಮೇಲ್ಪಟ್ಟ ಭೂಮಿಗೆ ಈ ಕೆರೆಯೇ ಆಧಾರವು. ಇಲ್ಲಿಂದ ಮುಂದೆ ಸಾಗುವ ವೇದೆಯು, ಮದಗದ ಕೆರೆಯನ್ನು ತುಂಬಿ ಬರುವ ಅವತಿಯನ್ನು ಕಡೂರಿನ ಬಳಿ ಕೂಡಿ ವೇದಾವತಿಯೆನಿಸುವಳು. ಅದೇ ನದಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ ವಾಣೀವಿಲಾಸಸಾಗರವು 1907 ರಲ್ಲಿ ಪೂರ್ಣವಾಯಿತು.

ಕಟ್ಟಿಸಿದ ಅರಸರ ಹೆಸರು ಚರಿತ್ರೆಯಲ್ಲಿ ಸೇರುವುದು. ಕಾಯ್ದವರ ಹೆಸರು ಅಪರೂಪವಾಗಿ ಉಳಿಯುವುದು. ಹೊನ್ನಬಿಲ್ಲನ ಹೆಸರನ್ನು ಜನರು ಮರೆಯದಿರುವುದು ಈ ನಾಡಿನ ಕೃತಜ್ಞತೆಗೆ ಸಾಕ್ಷಿಯಾಗಿದೆ.