ದ ಪಬ್ (ಅನಿಮೇಷನ್ ಕಿರುಚಿತ್ರ)

‘ದ ಪಬ್’ ಬ್ರಿಟನ್ನಿನ ಜೋಸೆಫ್ ಪಿಯರ್ಸ್ ನಿರ್ದೇಶಿಸಿದ, 2012ರ ಅನಿಮೇಷನ್ ಕಿರುಚಿತ್ರ. ಅವಧಿ ಸುಮಾರು ಎಂಟು ನಿಮಿಷ. ಉತ್ತರ ಲಂಡನ್ನಿನ ಕಳೆಗುಂದಿದ ಪಬ್ಬೊಂದರಲ್ಲಿ ಕಳೆಯುವ ಒಂದು ದಿನ ಇದರ ವಸ್ತು. ಕೌಂಟರಿನ ಹಿಂದೆ ನಿಂತು ಮದ್ಯ ಕೊಡುವ ಕ್ರಿಷ್ಕಾ ಎಂಬಾಕೆ ಖಾಯಂ ಗಿರಾಕಿಗಳನ್ನು ಸಂಭಾಳಿಸುತ್ತಾಳೆ. ಕಥೆ ಎನ್ನಬಹುದಾದದ್ದು ಇಷ್ಟೇ.

ಬೆಂಗಳೂರಿನವರಿಗೆ ಪಬ್ ಎಂದರೆ ವಾರಾಂತ್ಯ, ಅಬ್ಬರದ ಸಂಗೀತ, ಹರೆಯದವರ ಗುಂಪು. ಇದು ಆ ಬಗೆಯದಲ್ಲ. ಬ್ರಿಟನ್ನಿನ ಬಡಾವಣೆಯ ಪಬ್ಬಿನಲ್ಲಿ ಹಗಲಿನಿಂದಲೇ ಒಂಟಿ ಮುದುಕರು ಬಂದು ಕೂರುವುದುಂಟು. ಮೇಜಿನ ಬಳಿ ಬಂದು ಕೇಳುವವರು ಸಾಮಾನ್ಯವಾಗಿ ಇರುವುದಿಲ್ಲ. 568 ಮಿಲಿಲೀಟರಿನ ಪೈಂಟ್ ಬೇಕಾದವರು ಎದ್ದು ಕೌಂಟರಿಗೇ ಹೋಗಬೇಕು. ಗೆಳೆಯರ ಗುಂಪಾದರೆ ಸರದಿಯಂತೆ ಒಬ್ಬೊಬ್ಬ ಎಲ್ಲರಿಗೂ ಕೊಡಿಸಬೇಕು, ಸರದಿ ತಪ್ಪಿಸುವವನಿಗೆ ಮರ್ಯಾದೆಯಿಲ್ಲ. ಹೀಗಾಗಿ ಪ್ರತಿ ಕುಡುಕನೂ ಮತ್ತೆ ಮತ್ತೆ ಕ್ರಿಷ್ಕಾಳ ಎದುರೇ ಬಂದು ನಿಲ್ಲುತ್ತಾನೆ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಅಮಲಿನಲ್ಲಿ. ಅಮಲೇರಿದವನೆಂದು ತಿಳಿದೂ ಮದ್ಯ ಮಾರುವುದು ಇಂಗ್ಲೆಂಡಿನ 2003ರ ಪರವಾನಗಿ ಕಾಯ್ದೆಯಡಿ ಅಪರಾಧ. ಅಂದರೆ ‘ಇನ್ನು ಸಾಕು’ ಎಂದು ಹೇಳಿ ಬೈಗುಳ ತಿನ್ನುವುದೂ ಅವಳ ಕೆಲಸದ ಭಾಗವೇ.

ಚಿತ್ರವನ್ನು ರೋಟೋಸ್ಕೋಪ್ ವಿಧಾನದಲ್ಲಿ ಮಾಡಲಾಗಿದೆ. ನಟರ ಅಭಿನಯವನ್ನು ಮೊದಲು ಚಿತ್ರೀಕರಿಸಿ, ಆಮೇಲೆ ಒಂದೊಂದೇ ಚೌಕಟ್ಟಿನ ಮೇಲೆ ಗೆರೆ ಎಳೆಯುವ ಈ ತಂತ್ರಕ್ಕೆ ಮ್ಯಾಕ್ಸ್ ಫ್ಲೈಶರ್ 1917ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದ. ಸೆಕೆಂಡಿಗೆ ಹನ್ನೆರಡು ಚಿತ್ರವೆಂದು ಲೆಕ್ಕ ಹಿಡಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಫ್ಲೈಶರ್‌ಗೆ ಬೇಕಿದ್ದದ್ದು ಸಹಜ ಚಲನೆ. ಪಿಯರ್ಸ್ ಆ ಸಹಜತೆಯನ್ನು ಹಿಡಿದುಕೊಂಡೇ ಕೆಡಿಸುತ್ತಾರೆ. ನಡಿಗೆ, ಕೈಸನ್ನೆ, ತೊದಲು ಎಲ್ಲವೂ ನಿಜ ಮನುಷ್ಯರವು. ಮುಖಗಳು ಮಾತ್ರ ಹಿಗ್ಗುತ್ತವೆ, ಜೋಲುತ್ತವೆ, ಪ್ರಾಣಿಯ ಚಹರೆ ತಾಳುತ್ತವೆ. ಅಮಲಿನ ದೃಶ್ಯಗಳಲ್ಲಿ ಕುಡಿದವನ ಕಣ್ಣಿಗೆ ಲೋಕ ತಿರುಗುವುದನ್ನು ತೋರಿಸುವುದು ಸಿನಿಮಾದ ಹಳೆಯ ಚಾಳಿ. ಇಲ್ಲಿ ವಿಕಾರವನ್ನು ಕಾಣುತ್ತಿರುವುದು ಕುಡಿಯದೇ ನಿಂತವಳು. ಚಿತ್ರದ ಬಲವೆಲ್ಲ ಈ ಒಂದು ಆಯ್ಕೆಯಲ್ಲಿದೆ. ಒರಟು ಗಿರಾಕಿಗಳನ್ನು ಬರೀ ನಗೆಪಾಟಲು ಮಾಡುವ ಸುಲಭದ ದಾರಿಯೂ ಅದರಿಂದಾಗಿಯೇ ಮುಚ್ಚಿದೆ.

ಪಬ್ಬಿನ ಹಾಳುಸುರಿಯುವ ನೋಟ ಕಲ್ಪನೆಯಷ್ಟೇ ಅಲ್ಲ. 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್ಬುಗಳಿದ್ದವು. 2022ರ ಹೊತ್ತಿಗೆ 46 ಸಾವಿರದ ಆಸುಪಾಸಿಗೆ ಇಳಿದಿದ್ದವು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್, ಏರಿದ ತೆರಿಗೆ, 2007ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಜಾರಿಯಾದ ಧೂಮಪಾನ ನಿಷೇಧ ಇವೆಲ್ಲ ಸೇರಿ ಕೊಟ್ಟ ಪೆಟ್ಟು ಇದು.

ಪಿಯರ್ಸ್ ಇದೇ ಶೈಲಿಯನ್ನು ‘ಸ್ಟ್ಯಾಂಡ್ ಅಪ್’ (2008) ಮತ್ತು ‘ಎ ಫ್ಯಾಮಿಲಿ ಪೋರ್ಟ್ರೇಟ್’ (2009) ಕಿರುಚಿತ್ರಗಳಲ್ಲಿ ಮೊದಲೇ ಪಳಗಿಸಿಕೊಂಡಿದ್ದರು. ಎರಡನೆಯದರಲ್ಲಿ ಫೋಟೊ ತೆಗೆಸಿಕೊಳ್ಳಲು ಕೂತ ಕುಟುಂಬದ ಒಳಜಗಳ ಮುಖಗಳ ಮೇಲೇ ಉಕ್ಕಿ ಬರುತ್ತದೆ. ಲೇಖಕ ವಿಲ್ ಸೆಲ್ಫ್ ಅವರ ಕಥೆಯನ್ನು ಆಧರಿಸಿದ ಪಿಯರ್ಸ್ ಅವರ ಕಿರುಚಿತ್ರ ‘ಸ್ಕೇಲ್’ 2022ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ಸಪ್ತಾಹದಲ್ಲಿ ಪ್ರದರ್ಶನಗೊಂಡಿತು.