ಸೌದೆ ಒಲೆಯ ಹೊಗೆಕೊಳವೆಗೆ ಒಳಕೊಳವೆ ಅಳವಡಿಸುವುದು: ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳ ಸುತ್ತಮುತ್ತ ಇರುವ ಹಳೆಯ ಗ್ರಾಮಠಾಣಗಳಲ್ಲಿ, ಅಡುಗೆ ಅನಿಲದ ಸಂಪರ್ಕ ಪಡೆದ ಮನೆಗಳಲ್ಲಿಯೂ ಸ್ನಾನದ ನೀರು ಕಾಯಿಸಲು ಹಂಡೆ ಒಲೆಯನ್ನು ಉಪಯೋಗಿಸುವ ರೂಢಿ ಉಳಿದುಕೊಂಡಿದೆ. ಕೆಲವು ಮನೆಗಳಲ್ಲಿ ಮುದ್ದೆ ಬೇಯಿಸುವುದಕ್ಕೆ ಹಾಗೂ ಹೆಚ್ಚು ಜನರ ಅಡುಗೆಗೆ ಸೌದೆ ಒಲೆಯೇ ಬಳಕೆಯಲ್ಲಿದೆ. ಇಂತಹ ಒಲೆಗಳ ಹೊಗೆಕೊಳವೆಯು ಬಿರುಕು ಬಿಟ್ಟಾಗ ಹೊಗೆಯು ಹೊರಕ್ಕೆ ಹೋಗುವ ಬದಲು ಮನೆಯೊಳಗೇ ಸೋರುತ್ತದೆ. ಈ ದೋಷವನ್ನು ಸರಿಪಡಿಸಲು ಹಳೆಯ ಹೊಗೆಗೂಡಿನೊಳಗೆ ಲೋಹದ ಒಳಕೊಳವೆಯನ್ನು, ಅಂದರೆ ಲೈನರ್ ಅನ್ನು, ಇಳಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಉಂಟಾದ ರೋಗಗಳಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟಿದ್ದಾರೆ. ಒಲೆಯ ಮುಂದೆ ಹೆಚ್ಚು ಹೊತ್ತು ಇರುವ ಮಹಿಳೆಯರಿಗೆ ಹಾಗೂ ಅವರ ಬಳಿಯಲ್ಲಿರುವ ಚಿಕ್ಕ ಮಕ್ಕಳಿಗೆ ಈ ಅಪಾಯವು ಅಧಿಕ.

2. ಹಿನ್ನೆಲೆ

ಹೊಗೆಕೊಳವೆಯುಳ್ಳ ಸುಧಾರಿತ ಒಲೆಯ ವಿಷಯದಲ್ಲಿ ಬೆಂಗಳೂರಿಗೆ ದೀರ್ಘ ಅನುಭವವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಸ್ಥಾಪನೆಯಾದ 'ಅಸ್ತ್ರ' ಘಟಕವು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಮುಚ್ಚಿದ ಉರಿಗೂಡು ಹಾಗೂ ಹೊಗೆಕೊಳವೆ ಇವು ಅದರ ಮುಖ್ಯ ಅಂಗಗಳು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದ ಮೂಲಕ ಹೊಗೆಕೊಳವೆಯ ಒಲೆಗಳು ದೇಶದ ಹಳ್ಳಿಗಳಿಗೆ ತಲುಪಿದವು. ಸದರಿ ಕಾರ್ಯಕ್ರಮವು 2002ರಲ್ಲಿ ಮುಕ್ತಾಯಗೊಂಡಿತು.

ಈ ಅನುಭವದಿಂದ ದೊರೆತ ಪಾಠವೆಂದರೆ, ಕೊಳವೆಯನ್ನು ನಿಲ್ಲಿಸುವುದು ಅರ್ಧ ಕೆಲಸ ಮಾತ್ರ. ಒಡಿಶಾ ರಾಜ್ಯದ ಹಳ್ಳಿಗಳಲ್ಲಿ ನಾಲ್ಕು ವರ್ಷಗಳವರೆಗೆ ನಡೆದ ಅಧ್ಯಯನವೊಂದರಲ್ಲಿ, ಹೊಸ ಒಲೆ ಬಂದ ಮೊದಲ ವರ್ಷ ಹೊಗೆ ಸೇವನೆ ಕಡಿಮೆಯಾಗಿ, ನಂತರದ ವರ್ಷಗಳಲ್ಲಿ ಆ ಪ್ರಯೋಜನ ಇಲ್ಲವಾದುದು ಕಂಡುಬಂದಿತು. ಒಲೆಗಳನ್ನು ನಿಯಮಿತವಾಗಿ ಬಳಸದಿರುವುದು ಹಾಗೂ ದುರಸ್ತಿ ಮಾಡದಿರುವುದು ಇದಕ್ಕೆ ಕಾರಣ. ಆದುದರಿಂದ ಕೆಳಗಿನ ಕಂಡಿಕೆ 8ರಲ್ಲಿರುವ ನಿರ್ವಹಣೆಯ ಸೂಚನೆಗಳನ್ನು ಅಳವಡಿಕೆಯಷ್ಟೇ ಮುಖ್ಯವೆಂದು ಪರಿಗಣಿಸತಕ್ಕದ್ದು.

3. ಯಾವ ಮನೆಗಳಿಗೆ ಸೂಕ್ತ

ಇಟ್ಟಿಗೆ ಅಥವಾ ಕಲ್ಲಿನಿಂದ ಕಟ್ಟಿದ, ನೇರವಾಗಿರುವ ಹೊಗೆಗೂಡಿಗೆ ಒಳಕೊಳವೆ ಸೂಕ್ತವಾಗಿರುತ್ತದೆ. ಈ ಕೆಳಕಂಡ ಸಂದರ್ಭಗಳಲ್ಲಿ ಸ್ವತಃ ಅಳವಡಿಸುವ ಪ್ರಯತ್ನ ಮಾಡಬಾರದು.

(ಅ) ಹಳೆಯ ಕೊಳವೆಯು ಕಲ್ನಾರು ಸಿಮೆಂಟಿನದಾಗಿದ್ದಲ್ಲಿ. ಇಂತಹ ಕೊಳವೆಗಳು ಕಿರಿದಾಗಿರುವುದರಿಂದ, ಒಳಗೆ ಇನ್ನೊಂದನ್ನು ಇಳಿಸಿದರೆ ಹೊಗೆಯ ದಾರಿ ಸಾಲದಾಗುತ್ತದೆ. ಅದನ್ನು ಪೂರ್ಣವಾಗಿ ತೆಗೆದು ಹೊಸದನ್ನು ನಿಲ್ಲಿಸುವುದೇ ಸರಿ. ಕಲ್ನಾರಿನ ಧೂಳು ಕ್ಯಾನ್ಸರ್‌ಕಾರಕವಾಗಿರುವುದರಿಂದ ಗರಗಸ ಹಾಕದೆ, ಒಡೆಯದೆ, ನೀರಿನಿಂದ ತೋಯಿಸಿ ಇಡಿಯಾಗಿ ಇಳಿಸತಕ್ಕದ್ದು.

(ಆ) ಛಾವಣಿಗೆ ಕಲ್ನಾರು ಸಿಮೆಂಟಿನ ಶೀಟು ಹೊದಿಸಿದ್ದಲ್ಲಿ. ಶೀಟು ಕೊರೆದಾಗ ಅದೇ ಧೂಳು ಏಳುತ್ತದೆ. ಇದಲ್ಲದೆ ಶೀಟಿನ ಮೇಲೆ ಕಾಲಿಟ್ಟಾಗ ಅದು ಮುರಿದು ಕೆಳಗೆ ಬೀಳುವ ಅಪಾಯವಿದೆ.

(ಇ) ತಗಡು, ಟಾರ್ಪಾಲಿನ್ ಅಥವಾ ಪ್ಲೈವುಡ್‌ನಿಂದ ಕಟ್ಟಿದ ಕಾರ್ಮಿಕರ ಶೆಡ್ಡುಗಳಲ್ಲಿ. ಇವುಗಳ ಒಳಗೆ ಸೌದೆ ಒಲೆ ಉರಿಸುವುದೇ ಅಪಾಯಕಾರಿ. ಇಂತಹ ಕುಟುಂಬಗಳು ಕಂಡಿಕೆ 9ನ್ನು ನೋಡುವುದು.

(ಈ) ಹೊಗೆಗೂಡು ವಾಲಿದ್ದಲ್ಲಿ, ಅಥವಾ ಮರದ ತೊಲೆಯು ಅದರ ಗೋಡೆಯೊಳಗೆ ಹಾದು ಹೋಗಿದ್ದಲ್ಲಿ. ಇಲ್ಲಿ ಅನುಭವಿ ಮೇಸ್ತ್ರಿಯ ಸಲಹೆ ಅವಶ್ಯಕ.

ಬಾಡಿಗೆ ಮನೆಯಲ್ಲಿ ವಾಸಿಸುವವರು ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

4. ಬೇಕಾಗುವ ಸಾಮಗ್ರಿ

ಒಳಕೊಳವೆಗೆ 304 ಅಥವಾ 316 ದರ್ಜೆಯ ತುಕ್ಕು ಹಿಡಿಯದ ಉಕ್ಕು ಯೋಗ್ಯವಾದುದು. ಪೀಣ್ಯ ಕೈಗಾರಿಕಾ ಪ್ರದೇಶದ ತಗಡು ಕೆಲಸದ ಘಟಕಗಳಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಸತು ಲೇಪಿತ ಜಿ.ಐ. ತಗಡು ಅಗ್ಗವಾದರೂ ಬೇಗ ತೂತು ಬೀಳುತ್ತದೆ. ಅತಿಯಾಗಿ ಕಾದರೆ ಅದರ ಸತುವಿನಿಂದ ಹಾನಿಕಾರಕ ಹೊಗೆ ಹೊರಡುತ್ತದೆ. ಪಿ.ವಿ.ಸಿ. ಕೊಳವೆಯು ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆತ್ತಗಾಗುವುದರಿಂದ ಯಾವ ಕಾರಣಕ್ಕೂ ಬಳಸಕೂಡದು.

ಕೊಳವೆಯ ವ್ಯಾಸವು ಒಲೆಯ ಹೊಗೆದ್ವಾರದ ವ್ಯಾಸಕ್ಕಿಂತ ಕಡಿಮೆ ಇರಬಾರದು. ಮನೆಬಳಕೆಯ ಸಣ್ಣ ಒಲೆಗಳಲ್ಲಿ ಇದು ಸಾಮಾನ್ಯವಾಗಿ 75 ರಿಂದ 100 ಮಿ.ಮೀ. ಇರುತ್ತದೆ; ದೊಡ್ಡ ಹಂಡೆ ಒಲೆಗಳಲ್ಲಿ ಇದಕ್ಕಿಂತ ಹೆಚ್ಚಿರಬಹುದು. ಇದಲ್ಲದೆ ತಗಡಿನ ಟೋಪಿ, ಬೂದಿ ತೆಗೆಯುವ ಮುಚ್ಚಳವುಳ್ಳ ಬುಡದ ತುಂಡು, ಉಕ್ಕಿನ ಸ್ಕ್ರೂಗಳು, ಶಾಖ ತಡೆಯುವ ಗಾರೆ, ವರ್ಮಿಕ್ಯುಲೈಟ್, ತೆಂಗಿನ ನಾರಿನ ಹಗ್ಗ, ಮುಖಗವಸು, ಕನ್ನಡಕ ಹಾಗೂ ಕೈಗವಸು ಬೇಕಾಗುತ್ತವೆ.

5. ಅಳವಡಿಸುವ ಕ್ರಮ

(1) ಒಲೆ ಆರಿಸಿ ಒಂದು ಪೂರ್ಣ ದಿನ ತಣಿಯಲು ಬಿಡುವುದು. ಮಳೆ ಇಲ್ಲದ, ಗಾಳಿ ಕಡಿಮೆ ಇರುವ ದಿನವನ್ನು ಆರಿಸಿಕೊಳ್ಳುವುದು. ಈ ಕೆಲಸಕ್ಕೆ ಕನಿಷ್ಠ ಇಬ್ಬರು ಇರಲೇಬೇಕು.

(2) ಹೊಗೆಗೂಡಿನ ಒಳಗೋಡೆಗೆ ಅಂಟಿದ ಇಲ್ಲಣವನ್ನು, ಅಂದರೆ ಮಸಿ ಹಾಗೂ ಡಾಂಬರಿನಂತಹ ಜಿಗುಟು ಪದರವನ್ನು, ಪೂರ್ತಿಯಾಗಿ ತೆಗೆಯುವುದು. ತೆಂಗಿನ ನಾರಿನ ದಪ್ಪ ಉಂಡೆಗೆ ಭಾರ ಕಟ್ಟಿ, ಮೇಲಿನಿಂದ ಹಗ್ಗದಲ್ಲಿ ಇಳಿಸಿ ಎಳೆದಾಡಬಹುದು. ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಮಸಿ ಹಾರುವುದಿಲ್ಲ. ಇಲ್ಲಣವನ್ನು ಬಿಟ್ಟು ಕೊಳವೆ ಇಳಿಸಿದರೆ ಅದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಇಂಧನವಾಗುತ್ತದೆ.

(3) ಭಾರ ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಎತ್ತರವನ್ನು ಅಳೆಯುವುದು. ಕೊಳವೆಯ ತುದಿಯು ಛಾವಣಿಯನ್ನು ದಾಟುವಲ್ಲಿಂದ ಕನಿಷ್ಠ 90 ಸೆಂ.ಮೀ. ಮೇಲಿರತಕ್ಕದ್ದು. ಸುತ್ತಲಿನ 3 ಮೀಟರ್ ಒಳಗಿರುವ ಯಾವುದೇ ಗೋಡೆ ಅಥವಾ ಛಾವಣಿಗಿಂತ ಕನಿಷ್ಠ 60 ಸೆಂ.ಮೀ. ಎತ್ತರವಿರತಕ್ಕದ್ದು.

(4) ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ಕೆಳತುದಿಯು ಕೆಳಗಿನ ತುಂಡಿನ ಒಳಗೆ ಕೂರಬೇಕು. ಹೀಗೆ ಮಾಡಿದಲ್ಲಿ ಒಳಗೆ ಹನಿಯುವ ಜಿಗುಟು ದ್ರವವು ಹೊರಕ್ಕೆ ಸೋರದೆ ಒಲೆಗೇ ಇಳಿಯುತ್ತದೆ. ಪ್ರತಿ ಕೀಲಿಗೆ ಮೂರು ಸ್ಕ್ರೂ ಹಾಕುವುದು.

(5) ಮಂಗಳೂರು ಹೆಂಚಿನ ಛಾವಣಿಯಲ್ಲಿ ಹೆಂಚಿನ ಮೇಲೆ ನೇರವಾಗಿ ನಿಲ್ಲದೆ, ರೀಪರುಗಳ ಅಡ್ಡಲಾಗಿ ಏಣಿ ಮಲಗಿಸಿ ಅದರ ಮೇಲೆ ನಿಲ್ಲುವುದು. ಒಬ್ಬರು ಮೇಲಿನಿಂದ ಕೊಳವೆಯನ್ನು ಹಗ್ಗದಲ್ಲಿ ಇಳಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ದಾರಿ ತೋರಿಸುವುದು.

(6) ಕೊಳವೆಯ ಭಾರವನ್ನು ಮೇಲಿನ ಪಟ್ಟಿಯು ಹೊರಬೇಕು. ಬುಡವನ್ನು ಬಿಗಿಯಾಗಿ ಗಾರೆ ಹಾಕಿ ಕಟ್ಟಬಾರದು. ಉಕ್ಕು ಕಾದಾಗ ಹಿಗ್ಗುತ್ತದೆ. 3 ಮೀಟರ್ ಉದ್ದದ ಕೊಳವೆಯ ಶಾಖವು 200 ಡಿಗ್ರಿಯಷ್ಟು ಏರಿದಾಗ ಅದು ಸುಮಾರು 10 ಮಿ.ಮೀ. ಉದ್ದವಾಗುತ್ತದೆ. ಜಾಗ ಬಿಡದಿದ್ದಲ್ಲಿ ಕೀಲು ಬಿಡುತ್ತದೆ ಅಥವಾ ಒಲೆಯ ಗೋಡೆ ಸೀಳುತ್ತದೆ.

(7) ಹಳೆಯ ಗೋಡೆ ಹಾಗೂ ಹೊಸ ಕೊಳವೆಯ ನಡುವಿನ ಜಾಗಕ್ಕೆ ಒಣ ವರ್ಮಿಕ್ಯುಲೈಟ್ ತುಂಬುವುದು. ಕೊಳವೆ ಬೆಚ್ಚಗಿದ್ದಷ್ಟೂ ಹೊಗೆ ಚುರುಕಾಗಿ ಏರುತ್ತದೆ, ಇಲ್ಲಣವೂ ಕಡಿಮೆ ಕಟ್ಟುತ್ತದೆ. ಮರಳು ಅಥವಾ ಮರದ ಹೊಟ್ಟು ತುಂಬಬಾರದು.

(8) ಹೊಗೆಗೂಡಿನ ಹೊರಗೆ ಬರಿದಾಗಿ ಕಾಣುವ ಒಂಟಿ ಪದರದ ಕೊಳವೆಯಿಂದ ಮರದ ತೊಲೆ, ರೀಪರು, ಬಟ್ಟೆ ಹಾಗೂ ಸೌದೆ ರಾಶಿಗಳು ಕನಿಷ್ಠ 45 ಸೆಂ.ಮೀ. ದೂರದಲ್ಲಿರತಕ್ಕದ್ದು.

(9) ಮಳೆನೀರು ಇಳಿಯದಂತೆ ಟೋಪಿ ಕೂರಿಸುವುದು. ಟೋಪಿ ಹಾಗೂ ಕೊಳವೆಯ ಬಾಯಿಯ ನಡುವೆ ವ್ಯಾಸದ ಅರ್ಧಕ್ಕಿಂತ ಕಡಿಮೆ ಅಂತರ ಇರಬಾರದು.

6. ಪರೀಕ್ಷೆ

ಮೊದಲಿಗೆ ಒಣ ಚಕ್ಕೆಗಳಿಂದ ಸಣ್ಣ ಉರಿ ಮಾಡುವುದು. ಹೊತ್ತಿಸಿದ ಊದುಬತ್ತಿಯನ್ನು ಒಲೆಯ ಬಾಯಿಯ ಬಳಿ ಹಿಡಿದಾಗ ಅದರ ಹೊಗೆ ಒಳಕ್ಕೆ ಎಳೆಯಲ್ಪಡಬೇಕು. ಪ್ರತಿ ಕೀಲಿನ ಬಳಿಯಲ್ಲಿಯೂ ಹೀಗೆಯೇ ಪರೀಕ್ಷಿಸುವುದು. ಹೊಗೆ ಕೋಣೆಯತ್ತ ಮರಳಿದಲ್ಲಿ ಉರಿ ಆರಿಸಿ, ದೋಷ ಸರಿಪಡಿಸಿದ ನಂತರವೇ ಬಳಕೆ ಆರಂಭಿಸತಕ್ಕದ್ದು. ಹೊರಹೋಗುವ ಹೊಗೆಯಷ್ಟೇ ಹೊಸ ಗಾಳಿ ಕೋಣೆಗೆ ಬರಬೇಕಾಗಿರುವುದರಿಂದ, ಒಲೆ ಉರಿಯುವಾಗ ಕಿಟಕಿ ತೆರೆದಿರತಕ್ಕದ್ದು.

7. ಪಕ್ಕದಲ್ಲಿ ಎತ್ತರದ ಕಟ್ಟಡವಿದ್ದಲ್ಲಿ

ಹೊರವಲಯದ ಗ್ರಾಮಠಾಣಗಳಲ್ಲಿ ಒಂದಂತಸ್ತಿನ ಹಳೆಯ ಮನೆಯ ಪಕ್ಕದಲ್ಲಿಯೇ ನಾಲ್ಕೈದು ಅಂತಸ್ತಿನ ಬಾಡಿಗೆ ಕಟ್ಟಡಗಳು ಎದ್ದಿವೆ. ಎತ್ತರದ ಗೋಡೆಗೆ ಬಡಿದ ಗಾಳಿಯು ಕೆಳಮುಖವಾಗಿ ತಿರುಗಿ ಹೊಗೆಯನ್ನು ಕೊಳವೆಯೊಳಕ್ಕೇ ತಳ್ಳುತ್ತದೆ. ಎಷ್ಟೋ ವರ್ಷ ಚೆನ್ನಾಗಿ ಉರಿದ ಒಲೆಯು ಪಕ್ಕದ ಕಟ್ಟಡ ಎದ್ದ ಮೇಲೆ ಹೊಗೆಯಾಡಲು ಇದೇ ಕಾರಣವಾಗಿರಬಹುದು. ಇಂತಹ ಕಡೆ ಒಳಕೊಳವೆಯಿಂದ ಮಾತ್ರ ಪರಿಹಾರ ದೊರೆಯುವುದಿಲ್ಲ. ಅಲ್ಲದೆ ಕೊಳವೆಯ ಬಾಯಿ ನೆರೆಮನೆಯ ಕಿಟಕಿಗೆ ಎದುರಾಗಿದ್ದಲ್ಲಿ ಅಲ್ಲಿನ ನಿವಾಸಿಗಳಿಗೂ ಹಾನಿಯುಂಟಾಗುತ್ತದೆ. ಆ ಸ್ಥಳದಲ್ಲಿ ಸೌದೆ ಒಲೆಯನ್ನು ಕೈಬಿಟ್ಟು ಸೌರ ಅಥವಾ ಅನಿಲ ಆಧಾರಿತ ನೀರು ಕಾಯಿಸುವ ವ್ಯವಸ್ಥೆಗೆ ಬದಲಾಗುವುದು ಉತ್ತಮ.

8. ನಿರ್ವಹಣೆ

ನಿತ್ಯ ಬಳಸುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ ನೋಡಿ, ಇಲ್ಲಣ ಕಂಡಲ್ಲಿ ಶುಚಿಗೊಳಿಸುವುದು. 100 ಮಿ.ಮೀ. ವ್ಯಾಸದ ಕೊಳವೆಯ ಒಳಗೆ ಸುತ್ತಲೂ 12 ಮಿ.ಮೀ. ಇಲ್ಲಣ ಕಟ್ಟಿದರೆ ಹೊಗೆಯ ದಾರಿ ಶೇ. 42ರಷ್ಟು ಕುಗ್ಗುತ್ತದೆ. ಮೇಲಾಗಿ ಜಿಗುಟು ಇಲ್ಲಣಕ್ಕೆ ಬೆಂಕಿ ಹತ್ತಿದರೆ ಕೊಳವೆಯೇ ಕೆಂಪಾಗಿ ಕಾದು ಛಾವಣಿಗೆ ಬೆಂಕಿ ತಗಲಬಹುದು.

ಹಸಿ ಸೌದೆಯಿಂದ ಇಲ್ಲಣ ಬೇಗ ಕಟ್ಟುತ್ತದೆ. ಕೈಗಾರಿಕಾ ಪ್ರದೇಶಗಳಲ್ಲಿ ಸುಲಭವಾಗಿ ಸಿಗುವ ಪ್ಯಾಕಿಂಗ್ ಮರದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. 'ಎಂ.ಬಿ.' ಎಂಬ ಮುದ್ರೆಯುಳ್ಳ ಹಲಗೆಗಳಿಗೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ಅನಿಲವನ್ನು ಹಾಯಿಸಲಾಗಿರುತ್ತದೆ, ಅವುಗಳನ್ನು ಉರಿಸಬಾರದು. ಬಣ್ಣ ಬಳಿದ ಮರ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಹಾಗೂ ರಬ್ಬರನ್ನು ಸಹ ಒಲೆಗೆ ಹಾಕಕೂಡದು.

ಒಲೆ ಉರಿಯುವಾಗ ತಲೆನೋವು, ತಲೆಸುತ್ತು ಅಥವಾ ವಾಕರಿಕೆ ಕಾಣಿಸಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಅನಿಲ ಸೇರಿಕೊಂಡಿರುವ ಸಂಭವವಿದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಎಲ್ಲರೂ ಕೂಡಲೇ ಹೊರಗೆ ಬಂದು 108ಕ್ಕೆ ಕರೆ ಮಾಡತಕ್ಕದ್ದು. ಬೆಂಕಿ ಅನಾಹುತಕ್ಕೆ 101 ಅಥವಾ 112ಕ್ಕೆ ಕರೆ ಮಾಡುವುದು.

9. ಅಡುಗೆ ಅನಿಲ ಸಂಪರ್ಕ ಇಲ್ಲದ ಕುಟುಂಬಗಳಿಗೆ

ಹೊಗೆಕೊಳವೆ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಸೌದೆ ಒಲೆಯ ಹೊಗೆ ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಪ್ರಧಾನ ಮಂತ್ರಿ ಉಜ್ವಲ ಯೋಜನೆಯನ್ನು 2016ರ ಮೇ 1ರಂದು ಆರಂಭಿಸಲಾಯಿತು. ಇದರಲ್ಲಿ ಸಂಪರ್ಕವನ್ನು ಅರ್ಹ ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ ನೀಡಲಾಗುತ್ತದೆ. 2021ರ ಆಗಸ್ಟ್ 10ರಂದು ಆರಂಭವಾದ ಎರಡನೆಯ ಹಂತದಲ್ಲಿ, ವಲಸೆ ಕುಟುಂಬಗಳು ಪಡಿತರ ಚೀಟಿ ಅಥವಾ ವಿಳಾಸದ ದಾಖಲೆಗೆ ಬದಲಾಗಿ ಸ್ವಯಂ ಘೋಷಣೆ ಸಲ್ಲಿಸಲು ಅವಕಾಶ ಕಲ್ಪಿಸಲಾಯಿತು. ಅರ್ಜಿಯನ್ನು ಸಲ್ಲಿಸುವ ಮುನ್ನ ಪ್ರಸ್ತುತ ಅರ್ಹತೆ ಹಾಗೂ ದಾಖಲೆಗಳ ವಿವರವನ್ನು ಸಮೀಪದ ಅನಿಲ ವಿತರಕರಲ್ಲಿ ಖಚಿತಪಡಿಸಿಕೊಳ್ಳುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಳೆಗಾಲದಲ್ಲಿ ಒಲೆ ಹೊತ್ತಿಸಿದ ಕೂಡಲೇ ಹೊಗೆ ಮರಳುವುದೇಕೆ?
ಉತ್ತರ: ಕೊಳವೆಯೊಳಗೆ ತಣ್ಣನೆಯ ಗಾಳಿ ನಿಂತಿರುತ್ತದೆ. ಮೊದಲು ಒಂದು ಹಿಡಿ ಒಣ ತೆಂಗಿನ ಗರಿಯನ್ನು ಹೊಗೆದ್ವಾರದ ಬಳಿ ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ.

ಪ್ರಶ್ನೆ: ಹೊಗೆ ಎಳೆಯಲು ಎಕ್ಸಾಸ್ಟ್ ಫ್ಯಾನ್ ಹಾಕಬಹುದೇ?
ಉತ್ತರ: ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಓಡಿದರೆ ಅದು ಕೊಳವೆಯ ಮೂಲಕವೇ ಗಾಳಿ ಎಳೆದು ಹೊಗೆಯನ್ನು ಕೆಳಗಿಳಿಸುತ್ತದೆ. ಆದ್ದರಿಂದ ಒಲೆ ಉರಿಯುವಾಗ ಫ್ಯಾನ್ ಹಾಕಬಾರದು.

ಪ್ರಶ್ನೆ: ಕೊಳವೆಗೆ ಎಷ್ಟು ತಿರುವು ಇರಬಹುದು?
ಉತ್ತರ: ನೇರವಾಗಿರುವುದೇ ಉತ್ತಮ. ಅನಿವಾರ್ಯವಾದಲ್ಲಿ 45 ಡಿಗ್ರಿಯ ಎರಡು ತಿರುವುಗಳನ್ನು ಮೀರಬಾರದು. ಪ್ರತಿ ತಿರುವಿನಲ್ಲಿಯೂ ಇಲ್ಲಣ ಬೇಗ ಸೇರುತ್ತದೆ.