ಕಾರ್ಥೇಜಿನಲ್ಲಿ ಒಳಗಿನ ಒಡವೆ: ಒಂದು ರೂಪಕದ ಆರಂಭಿಕ ಚರಿತ್ರೆ

ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯವು ಜಡೆ, ಚಿನ್ನ, ಉಡುಪುಗಳ ಸಿಂಗಾರವನ್ನು ಬದಿಗಿರಿಸಿ ಶಾಂತವಾದ ಅಂತರಂಗವನ್ನು ಹೆಣ್ಣಿನ ಭೂಷಣವಾಗಿ ಕಾಣುತ್ತದೆ. ತಿಮೊಥೆಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ ಮುತ್ತಿನ ಪ್ರಸ್ತಾಪವೂ ಇದೆ, ಒಡವೆಯ ಜಾಗಕ್ಕೆ ಅಲ್ಲಿ ಸತ್ಕ್ರಿಯೆಗಳು ಬರುತ್ತವೆ. ಇಷ್ಟರಮಟ್ಟಿಗೆ ವಿಚಾರ ಹೊಸದೇನಲ್ಲ. ರೋಮಿನ ಸೆನೆಕ ತನ್ನ ತಾಯಿ ಹೆಲ್ವಿಯಾಳನ್ನು ಮೆಚ್ಚಿಕೊಂಡದ್ದೂ ಇಂಥದೇ ಕಾರಣಕ್ಕೆ. ಪ್ಲುಟಾರ್ಕ್ ನವದಂಪತಿಗಳಿಗೆ ಹೇಳಿದ ಬುದ್ಧಿಮಾತೂ ಇದೇ ಧಾಟಿಯದು. ಕ್ರೈಸ್ತರು ಈ ಹಳೆಯ ಮಾತಿಗೆ ಏನನ್ನು ಸೇರಿಸಿದರು ಎಂಬುದನ್ನು ನೋಡಲು ಉತ್ತರ ಆಫ್ರಿಕದ ಕಾರ್ಥೇಜಿಗಿಂತ ಒಳ್ಳೆಯ ಊರಿಲ್ಲ. ಅಲ್ಲಿ ಒಳಗಿನ ಪಾವಿತ್ರ್ಯವನ್ನು ಒಡವೆ ಎಂದು ಕರೆದ ಪ್ರತಿಯೊಬ್ಬರೂ ಅದಕ್ಕೆ ಹೊರಗಿನ ಪುರಾವೆಯನ್ನೂ ಕೇಳಿದರು.

ಮೊದಲಿಗ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್. 200ರ ಆಸುಪಾಸಿನಲ್ಲಿ ಅವನು ಸ್ತ್ರೀಯರ ಅಲಂಕಾರ ಕುರಿತು ಲ್ಯಾಟಿನ್‌ನಲ್ಲಿ ಎರಡು ಭಾಗಗಳ ಗ್ರಂಥ ಬರೆದ. ಲೋಹದ ಕೆಲಸ, ಬಣ್ಣ, ಕಾಡಿಗೆಗಳನ್ನು ಮನುಷ್ಯರಿಗೆ ಕಲಿಸಿದವರು ಪತಿತ ದೇವದೂತರು ಎಂಬ ಹನೋಕನ ಗ್ರಂಥದ ಕಥೆಯನ್ನು ಅವನು ನೆಚ್ಚಿಕೊಳ್ಳುತ್ತಾನೆ. ಹವ್ವಳ ಅಪರಾಧವನ್ನು ಎಲ್ಲ ಹೆಂಗಸರ ತಲೆಗೂ ಕಟ್ಟುತ್ತಾನೆ. ಈ ಕಾಠಿಣ್ಯವನ್ನು ಮುಚ್ಚಿಡುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. (ಗಡ್ಡ ತಿದ್ದಿಕೊಂಡು, ನರೆಗೆ ಬಣ್ಣ ಹಚ್ಚುವ ಗಂಡಸರೂ ಅವನಿಂದ ತಪ್ಪಿಸಿಕೊಂಡಿಲ್ಲ.) ಆದರೆ ಗ್ರಂಥದ ಕೊನೆಗೆ ಬಂದಾಗ ವಾದದ ಸ್ವರೂಪವೇ ಬದಲಾಗುತ್ತದೆ. ಕಡಗಕ್ಕೆ ಒಗ್ಗಿದ ಕೈ ಕೋಳವನ್ನು ತಡೆದೀತೇ, ಕಾಲ್ಗಡಗದ ಕಾಲು ಬೇಡಿಗೆ ಒಡ್ಡಿಕೊಂಡೀತೇ, ಮುತ್ತು ಪಚ್ಚೆಗಳು ತುಂಬಿದ ಕೊರಳಿನಲ್ಲಿ ಕತ್ತಿಗೆ ಜಾಗವಿದೆಯೇ ಎಂದು ಅವನು ಕೇಳುತ್ತಾನೆ. ಕ್ರೈಸ್ತರನ್ನು ಬಂಧಿಸಿ ಕೊಲ್ಲುತ್ತಿದ್ದ ಊರಿನಲ್ಲಿ ಇದು ಬರೀ ಅಲಂಕಾರದ ಮಾತಾಗಿರಲಿಲ್ಲ. ಅದಾದ ಮೇಲೆ ಅವನು ತನ್ನ ಓದುಗ ಹೆಂಗಸರನ್ನು ಹೊಸದಾಗಿ ಸಿಂಗರಿಸುತ್ತಾನೆ: ಕಣ್ಣಿಗೆ ಸಂಕೋಚ, ಕಿವಿಗೆ ದೇವರ ವಾಕ್ಯ, ಕೊರಳಿಗೆ ಕ್ರಿಸ್ತನ ನೊಗ, ಉಡಲು ಪಾವಿತ್ರ್ಯ. ರೇಷ್ಮೆ, ನಾರುಮಡಿ, ನೇರಳೆ ಬಣ್ಣ ಯಾವುದನ್ನೂ ಅವನ ಭಾಷೆ ಕೈಬಿಡುವುದಿಲ್ಲ. ಒಡವೆಯನ್ನು ಅಷ್ಟು ಹಳಿದವನು ಒಡವೆಯ ಪೆಟ್ಟಿಗೆಯಿಂದಲೇ ಪದಗಳನ್ನು ಆಯ್ದುಕೊಂಡದ್ದು ಗಮನಿಸತಕ್ಕದ್ದು.

ಅದೇ ಊರಿನಲ್ಲಿ 203ರ ಮಾರ್ಚ್‌ನಲ್ಲಿ, ಇಪ್ಪತ್ತೆರಡರ ಆಸುಪಾಸಿನ ಕ್ರೈಸ್ತ ಯುವತಿ ಪೆರ್ಪೆತುವಾ ಅಖಾಡದಲ್ಲಿ ರಕ್ತಸಾಕ್ಷಿಯಾದಳು. ಸೆರೆಮನೆಯಲ್ಲಿ ಅವಳೇ ಬರೆದ ದಿನಚರಿ ಅವಳ ಮರಣವೃತ್ತಾಂತದೊಳಗೆ ಉಳಿದುಬಂದಿದೆ. ಕಾಡುಹಸು ಎತ್ತಿ ಎಸೆದಾಗ ಅವಳು ಹರಿದ ಉಡುಪನ್ನು ಸರಿಮಾಡಿಕೊಂಡಳು, ಬಳಿಕ ಪಿನ್ನು ಕೇಳಿ ಪಡೆದು ಕೆದರಿದ ಕೂದಲನ್ನು ಬಿಗಿದಳು ಎಂದು ಆ ವೃತ್ತಾಂತ ಹೇಳುತ್ತದೆ. ಬಿಚ್ಚಿದ ಕೂದಲು ಶೋಕದ ಗುರುತು. ತನ್ನ ಮಹಿಮೆಯ ಗಳಿಗೆಯಲ್ಲಿ ಶೋಕಿಸುವವಳಂತೆ ಕಾಣುವುದು ಅವಳಿಗೆ ಬೇಡವಾಗಿತ್ತು. ತೆರ್ತುಲಿಯನ್ನನ ಬರಹದಲ್ಲಿ ಅನುಮಾನಕ್ಕೆ ಗುರಿಯಾದ ಕೇಶಾಲಂಕಾರ ಇಲ್ಲಿ ವಿಶ್ವಾಸದ ಘೋಷಣೆಯೇ ಆಗಿದೆ. ಒಳಗು–ಹೊರಗು ಎಂಬ ಗೆರೆಯನ್ನು ಅವಳು ಅವನಷ್ಟು ಗಟ್ಟಿಯಾಗಿ ಎಳೆದಂತಿಲ್ಲ.

ಅರ್ಧ ಶತಮಾನದ ಬಳಿಕ ಬಿಷಪ್ ಸಿಪ್ರಿಯನ್. ಅವನು ತೆರ್ತುಲಿಯನ್ನನನ್ನು ಗುರುವೆಂದೇ ಕರೆದು ದಿನವೂ ಓದುತ್ತಿದ್ದನೆಂದು ಕ್ರೈಸ್ತ ವಿದ್ವಾಂಸ ಜೆರೋಮ್ ದಾಖಲಿಸಿದ್ದಾನೆ. ಕನ್ಯೆಯರ ಉಡುಗೆ ಕುರಿತ ಅವನ ಕೃತಿಯಲ್ಲಿ ಎದುರಿಗಿದ್ದವರು ವ್ರತ ತೊಟ್ಟ ಸಿರಿವಂತ ಮನೆತನದ ಹೆಣ್ಣುಮಕ್ಕಳು. ‘ಹಣ ನಮ್ಮದು, ಖರ್ಚು ನಮ್ಮದು’ ಎಂಬ ಅವರ ನಿಲುವಿಗೆ ಅವನ ಉತ್ತರ: ಹಾಗಿದ್ದರೆ ಬಡವರಿಗೆ ಕೊಡಿ. 250ರಲ್ಲಿ ಡೇಷಿಯಸ್ ಚಕ್ರವರ್ತಿಯ ಆಜ್ಞೆ ಬಂದಾಗ ಕಾರ್ಥೇಜಿನ ಅನೇಕ ಕ್ರೈಸ್ತರು ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿಬಿಟ್ಟರು. ಅಂಥವರನ್ನು ಕುರಿತು 251ರಲ್ಲಿ ಬರೆದ ಕೃತಿಯಲ್ಲಿ ಅವನು ಬೇಡಿಯ ರೂಪಕಕ್ಕೆ ಮರಳುತ್ತಾನೆ. ಈಗ ಕಾಲು ಕಟ್ಟಿಹಾಕಿದ್ದು ಆಸ್ತಿ. ನನ್ನ ದೃಷ್ಟಿಯಲ್ಲಿ ರೂಪಕದ ನಿಜವಾದ ತಿರುವು ಇದೇ. ಹೆಣ್ಣಿನ ಮೈಮೇಲಿನ ಚಿನ್ನದ ಪ್ರಶ್ನೆ ಇಡೀ ಸಭೆಯ ಸೊತ್ತಿನ ಪ್ರಶ್ನೆಯಾಗಿ ಬೆಳೆಯಿತು, ಗಂಡಸರೂ ಉತ್ತರ ಕೊಡಬೇಕಾಯಿತು.

ಕೆಲವೇ ವರ್ಷಗಳಲ್ಲಿ ಆ ಉತ್ತರಕ್ಕೆ ಸಂದರ್ಭವೂ ಒದಗಿತು. ನೆರೆಯ ನುಮಿಡಿಯಾದಲ್ಲಿ ದಾಳಿಕೋರರು ಕ್ರೈಸ್ತರನ್ನು, ಕನ್ಯೆಯರನ್ನೂ ಸೇರಿಸಿ, ಸೆರೆಹಿಡಿದು ಒಯ್ದಾಗ ಸಿಪ್ರಿಯನ್ ಅವರ ಬಿಡುಗಡೆಗೆ 1,00,000 ಸೆಸ್ತೆರ್ಸ್ ನಾಣ್ಯಗಳಷ್ಟು ಹಣ ಕೂಡಿಸಿ ಅಲ್ಲಿನ ಬಿಷಪರಿಗೆ ಕಳಿಸಿದ. ಜೊತೆಯ ಪತ್ರದಲ್ಲಿ, ಹಣ ಕೊಟ್ಟ ಸಹೋದರ ಸಹೋದರಿಯರ ಹೆಸರುಗಳನ್ನು ಲಗತ್ತಿಸಿರುವುದಾಗಿ ಹೇಳಿ, ಪ್ರಾರ್ಥನೆಯಲ್ಲಿ ಅವರನ್ನು ನೆನೆಯಬೇಕೆಂದು ಕೋರಿದ್ದಾನೆ.